ಗುರುವಾರ ಹತ್ತು ಗಂಟೆಯ ಟಿಪ್ಪಣಿ

ರೊಸೀನಾ ಡ್ರೈಲಿಂಗ್ ಮುಂದಿನ ತಿಂಗಳು ನಿವೃತ್ತಳಾಗುತ್ತಾಳೆ, ಅವಳ ಬಗ್ಗೆ ಹತ್ತು ಸಾಲು ಬರೆದುಕೊಡಿ, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕೋಣ ಎಂದು ನಮ್ಮ ನಿರ್ದೇಶಕ ಗೇಲಾರ್ಡ್ ಫಿಸ್ಕ್ ನನಗೆ ಹೇಳಿದರು. ಹತ್ತು ಸಾಲಂತೆ! ಈ ಮಾನಸಿಕ ಆರೋಗ್ಯ ಸೆಂಟರಿನ ದಾಖಲೆ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಕೂತು, ಕಂಡಕಂಡವರ ಕೋಳಿಕಾಲು ಬರಹವನ್ನೆಲ್ಲ ಟೈಪು ಮಾಡಿ ನನ್ನ ಬೆರಳು ಸೊಟ್ಟಗಾಗಿವೆ. ಹತ್ತು ಸಾಲಿನಲ್ಲಿ ಒಬ್ಬ ವ್ಯಕ್ತಿಯನ್ನು ಮುಗಿಸುವುದು ನನಗೆ ಚೆನ್ನಾಗಿಯೇ ಗೊತ್ತು. ದಿನಬೆಳಗಾದರೆ ಮಾಡುವ ಕೆಲಸ ಅದೇ. ಆದರೆ ಇವಳ ವಿಷಯದಲ್ಲಿ ಕೈ ಬರಲಿಲ್ಲ. ಅವರಿಗೆ ಬೇಕಾದ ಹತ್ತು ಸಾಲನ್ನು ಬೇರೆ ಯಾರಾದರೂ ಬರೆದುಕೊಳ್ಳಲಿ. ನಾನು ಇದನ್ನು ಬರೆಯುತ್ತೇನೆ.

ಆ ಗೋಡೆಯ ಮೇಲೆ ಈಗಾಗಲೇ ಒಂದು ಚೌಕಟ್ಟಿದೆ. ಕಾಯುವ ಕೋಣೆಯಲ್ಲಿ, ಕಾಫಿ ಪಾತ್ರೆಯ ಮೇಲುಗಡೆ, ಹಬೆ ಹೊಡೆದು ಅಂಚು ಹಳದಿಯಾದ ಒಂದು ಹಾಳೆ. ನಮ್ಮ ರಾಜ್ಯದ ಕಾನೂನಿನ ಒಂದು ಪುಟ. ಸಮುದಾಯ ಮಾನಸಿಕ ಆರೋಗ್ಯ ಸೇವೆ ಎಂದರೇನು ಎಂದು ಅದರಲ್ಲಿ ಬರೆದಿದೆ. ತೀವ್ರವಾದ, ಬಹುಕಾಲ ಬಿಡದ ಮನೋರೋಗವಿರುವ ವ್ಯಕ್ತಿಗೆ, ಆತನ ಮನೆಗೆ ಆದಷ್ಟು ಹತ್ತಿರದಲ್ಲಿ, ಆದಷ್ಟು ಕಡಿಮೆ ಕಟ್ಟುಪಾಡಿನಲ್ಲಿ ಒದಗಿಸುವ ನೆರವು. ಆಮೇಲೆ ಪಟ್ಟಿ: ತುರ್ತು ನೆರವು, ಹೊರರೋಗಿ ಚಿಕಿತ್ಸೆ, ಆಸ್ಪತ್ರೆಗೆ ಸೇರಿಸುವ ಮುಂಚಿನ ತಪಾಸಣೆ, ಆಸ್ಪತ್ರೆಯಿಂದ ಬಂದವರ ಮೇಲೆ ಕಣ್ಣಿಡುವುದು, ಹಾಗೇ ಕೆಳಗಿಳಿಯುತ್ತದೆ. ಕಾಫಿಗೆ ನಿಂತವರೆಲ್ಲ ಓದಿದ್ದಾರೆ. ನಾನಂತೂ ನಿದ್ದೆಗಣ್ಣಲ್ಲೂ ಒಪ್ಪಿಸುತ್ತೇನೆ. ಕೆಟ್ಟ ಕಾನೂನೇನಲ್ಲ. ಒಳ್ಳೆಯ ಮನಸ್ಸಿನವರೇ ಕೂತು ಬರೆದದ್ದು. ಮೊದಲನೆಯ ಸಾಲಿನಲ್ಲಿರುವ ಆ 'ತೀವ್ರ' ಎಂಬ ಮಾತೊಂದೇ ರೊಸೀನಾಳ ಬಾಳಿಗೆ ಮುಳ್ಳಾಯಿತು.

ಅವಳು ನಮ್ಮ ಕ್ಯಾನ್ಸಸ್ಸಿನ ಪಶ್ಚಿಮ ಬಯಲಿನವಳೇ, ರಷ್ಯಾದಿಂದ ಬಂದು ನೆಲೆನಿಂತ ಜರ್ಮನರ ಪೈಕಿ. ನಾನೂ ಅದೇ ಪೈಕಿ. ನಮ್ಮಲ್ಲಿ ಅರ್ಧ ಊರು ಇನ್ನರ್ಧ ಊರಿಗೆ ನೆಂಟರು. ಗೋಧಿ ಬೆಳೆಯುವ ಮನೆಯಲ್ಲಿ ಏಳು ಮಕ್ಕಳಲ್ಲಿ ಐದನೆಯವಳು. ಹತ್ತೊಂಬತ್ತಕ್ಕೆ ರಾಜ್ಯದ ಹುಚ್ಚಾಸ್ಪತ್ರೆಯಲ್ಲಿ ವಾರ್ಡಿನ ಆಯಾ ಆಗಿ ಸೇರಿದಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದರೆ, "ಬಿಡುವಿರಲಿಲ್ಲ ಕಣೇ" ಎನ್ನುತ್ತಿದ್ದಳು. ಇಪ್ಪತ್ತೇಳು ವರ್ಷ ಬಿಳಿ ಬೂಟು ಹಾಕಿಕೊಂಡು ಅದೇ ವಾರ್ಡಿನಲ್ಲಿ ಓಡಾಡಿದಳು.

ಆ ವಾರ್ಡಿನ ನಡುವೆ ಒಂದು ಗಾಜಿನ ಗೂಡು. ಸಿಬ್ಬಂದಿಯವರು ಅದರೊಳಗೆ ಕೂತು ಒಬ್ಬೊಬ್ಬ ರೋಗಿಯ ಬಗ್ಗೆ ದಿನದ ಟಿಪ್ಪಣಿ ಬರೆಯಬೇಕು. ರೋಗಿಗಳು ಹೊರಗೆ ನಿಂತು ಪೆನ್ನು ಓಡುವುದನ್ನೇ ನೋಡುತ್ತಿದ್ದರಂತೆ. ಅವರಲ್ಲಿ ಆಲ್ಬಿನ್ ಲೈಕರ್ ಒಬ್ಬ. ಹತ್ತೊಂಬತ್ತು ವರ್ಷ ಅಲ್ಲಿದ್ದ. ಬಡಕಲು ಮೈ, ದೊಡ್ಡ ಕಿವಿ, ಮೃದು ಮಾತು. ದಿನಾ ಸಂಜೆ ಗಾಜಿಗೆ ಮೂಗೊತ್ತಿ ನಿಂತು, "ಏನು ಬರೆದೆ ರೊಸೀನಾ? ನನ್ನ ವಿಷಯ ಏನು ಬರೆದೆ?" ಎಂದು ಕೇಳುತ್ತಿದ್ದ. ಹೇಳುವ ಹಾಗಿರಲಿಲ್ಲ, ನಿಯಮ. "ಒಬ್ಬ ಮನುಷ್ಯನ ಬೆನ್ನ ಹಿಂದೆ ಹತ್ತೊಂಬತ್ತು ವರ್ಷ ಬರೆದೆ ಲಿಯೋನಾ, ಅವನ ಕಣ್ಣೆದುರಿಗೇ," ಎಂದು ಅವಳು ನನ್ನ ಹತ್ತಿರ ಒಮ್ಮೆ ಅತ್ತಿದ್ದಳು. ಅವಳು ಅತ್ತದ್ದನ್ನು ನಾನು ಕಂಡದ್ದು ಎರಡೇ ಸಲ. ಇದು ಮೊದಲನೆಯದು.

ಆಮೇಲೆ ಆ ವಾರ್ಡನ್ನು ಮುಚ್ಚಿದರು. ರೋಗಿಗಳು ಅವರವರ ಊರಿಗೆ ಹೋಗಲಿ, ಸೇವೆ ಅವರ ಮನೆಬಾಗಿಲಿಗೆ ಹೋಗಲಿ ಎಂದಾಯಿತು. ಆಲ್ಬಿನ್ ಐವತ್ತೇಳನೆಯ ವಯಸ್ಸಿನಲ್ಲಿ ನೊಯ್‌ಫೆಲ್ಡ್ ಹಳ್ಳಿಗೆ, ತೀರಿಕೊಂಡ ತಾಯಿಯ ಎರಡು ಕೋಣೆಯ ಮನೆಗೆ ಬಂದ. ರೊಸೀನಾ ನಮ್ಮ ಸೆಂಟರಿಗೆ, ರೋಗಿಗಳ ಮನೆಗೆ ಹೋಗಿ ವಿಚಾರಿಸಿಕೊಳ್ಳುವ ಕೇಸ್ ವರ್ಕರ್ ಆಗಿ ಬಂದಳು. ಪ್ರತಿ ಗುರುವಾರ ಬೆಳಿಗ್ಗೆ ಹತ್ತಕ್ಕೆ, ನಲವತ್ತು ಮೈಲಿ ಕಾರು ಓಡಿಸಿಕೊಂಡು ಅವನ ಮನೆಗೆ. ಮೊದಲ ದಿನವೇ ಅವನಿಗೆ ಮಾತು ಕೊಟ್ಟಳಂತೆ: "ಇನ್ಮೇಲೆ ನಿಮ್ಮ ಬೆನ್ನ ಹಿಂದೆ ಒಂದಕ್ಷರ ಬರೆಯಲ್ಲ ವೆಟರ್." ವೆಟರ್ ಎಂದರೆ ನಮ್ಮಲ್ಲಿ ಹಿರಿಯ ಗಂಡಸರನ್ನು ಕರೆಯುವ ಮಾತು, ಅಣ್ಣ ಎಂದ ಹಾಗೆ. ಆಸ್ಪತ್ರೆಯಲ್ಲಿ ಅವನನ್ನು ಹಾಗೆ ಕರೆದವಳು ಅವಳೊಬ್ಬಳೇ.

ಕೊಟ್ಟ ಮಾತನ್ನು ಉಳಿಸಿಕೊಂಡಳು. ಅಡುಗೆಮನೆಯ ಮೇಜಿನ ಮೇಲೆ, ಅವನೆದುರಿಗೇ, ಕಾರ್ಬನ್ ಇಟ್ಟು ಬರೆಯುವುದು. ಗಟ್ಟಿಯಾಗಿ ಓದಿ ಹೇಳುವುದು. ಇಬ್ಬರೂ ಸಹಿ ಹಾಕುವುದು. ಮೇಲಿನ ಹಾಳೆ ನನಗೆ, ಕಾರ್ಬನ್ ಪ್ರತಿ ಅವನಿಗೆ. ತಪ್ಪಾಯಿತೋ, ನಮ್ಮ ಕಸುಬಿನ ಕಟ್ಟಳೆಯಂತೆ ಅದರ ಮೇಲೆ ಒಂದೇ ಒಂದು ಗೆರೆ ಎಳೆಯಬೇಕು. ಕೆಳಗಿನ ಅಕ್ಷರ ಕಾಣುತ್ತಿರಬೇಕು. ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಹೆಸರಿನ ಮೊದಲಕ್ಷರ, ತಾರೀಖು ಹಾಕಬೇಕು. ಗೀಚಿ ಮುಚ್ಚುವ ಹಾಗಿಲ್ಲ. ಅದನ್ನೂ ಅವನೆದುರಿಗೇ ಮಾಡುತ್ತಿದ್ದಳು. ಅವನಿಗೆ ಅದು ಬಹಳ ಹಿಡಿಸಿತ್ತಂತೆ.

ಒಮ್ಮೆ ಏನೋ ಒಪ್ಪಿಗೆ ಪತ್ರಕ್ಕೆ ಸಹಿ ಬೇಕಾಗಿ ನಾನೂ ಅವಳ ಜೊತೆ ಹೋಗಿದ್ದೆ. ಜೂನ್ ತಿಂಗಳು, ಗೋಧಿ ಕೊಯ್ಲು. ಬೆಂಕಿಯಂಥ ಬಿಸಿಲು. ಆಲ್ಬಿನ್ ಉತ್ತರದ ಕಿಟಕಿಗೆ ಎರಡು ಕಂಬಳಿ ಜಡಿದು, ಅದರ ಮೇಲೆ ಹಾಸಿಗೆ ಒರಗಿಸಿದ್ದ. ಆ ಕಡೆಗೇ ಊರಿನ ಗೋಧಿ ಉಗ್ರಾಣದ ಗೋಪುರ. ಕಾಳು ಒಣಗಿಸುವ ಫ್ಯಾನು ದಿನವಿಡೀ ಭೋರೆನ್ನುತ್ತದೆ. ಓವನ್ನಿನಲ್ಲಿ ಎಲೆಕೋಸು, ಮಾಂಸ ತುಂಬಿದ ಬಿಯರಾಕ್ ಬನ್ನು ಬೇಯುತ್ತಿತ್ತು, ಒಳಗೆ ಕೂತ ನಾನೂ ಬೇಯುತ್ತಿದ್ದೆ.

"ವೆಟರ್ ಆಲ್ಬಿನ್, ಈ ವಾರ ಹೇಗಿದ್ರಿ?" ಎಂದಳು ರೊಸೀನಾ.

"ಚೆನ್ನಾಗಿದ್ದೆ," ಎಂದ. "ಫ್ಯಾನು ಸ್ವಲ್ಪ ಮಾತಾಡ್ತು. ಜಾಸ್ತಿ ಏನಿಲ್ಲ."

"ಏನಂತು?"

"ಬಿಡು, ಅದರದ್ದೇನು ಹೊಸಾದಾ. ಅದೇ ಹಳೇ ಬೈಗುಳ." ನನ್ನ ಕಡೆ ತಿರುಗಿ, "ಈಯಮ್ಮ ಯಾರು, ಇನ್ಸ್‌ಪೆಕ್ಟರಾ? ಮುಖ ಯಾಕೆ ಹೀಗೆ ಗಂಟು?" ಎಂದ.

"ಟೈಪಿಸ್ಟು. ಹುಟ್ಟಿದಾಗಿಂದ ಮುಖ ಅದೇ," ಎಂದಳು ರೊಸೀನಾ. ಇಬ್ಬರೂ ನಕ್ಕರು. ನನಗೇನೂ ನಗು ಬರಲಿಲ್ಲ.

ಆಮೇಲೆ ಅವಳು ಬರೆದು ಓದಿದಳು: "ಆಲ್ಬಿನ್ ಚೆನ್ನಾಗಿದ್ದಾರೆ. ನಿದ್ದೆ ಬರುತ್ತಿದೆ. ಉತ್ತರದ ಕಿಟಕಿಯನ್ನು ಭದ್ರಪಡಿಸಿದ್ದಾರೆ. ಬಿಯರಾಕ್ ಮಾಡಿದ್ದಾರೆ. ಕಾಫಿ ಕುಡಿದೆವು." ಅವನು ಕಿವಿಗೊಟ್ಟು ಕೇಳಿ, ತಲೆಯಾಡಿಸಿ ಸಹಿ ಹಾಕಿದ. ತನ್ನ ಪ್ರತಿಯನ್ನು ಅಂಗೈಯಲ್ಲಿ ನೀವಿ ನೀವಿ ನೇರ ಮಾಡಿ ಕ್ರಿಸ್ಮಸ್ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಂಡ.

ವಾಪಸು ಬರುವಾಗ ಕಾರಿನಲ್ಲಿ ಕೇಳಿದೆ. "ಭದ್ರಪಡಿಸಿದ್ದಾರಾ? ಜೂನ್ ತಿಂಗಳಲ್ಲಿ ಕಿಟಕಿಗೆ ಹಾಸಿಗೆ ಒತ್ತಿದ್ದಾನಲ್ಲೇ!"

"ಮತ್ತೆ ಏನು ಬರೀಲಿ? ಅವರ ಮುಖ ನೋಡ್ಕೊಂಡು, ನಿಮಗೆ ಹುಚ್ಚು ಬಿಟ್ಟಿಲ್ಲ ಅಂತ ಬರೆದು ಓದಿ ಹೇಳ್ಲಾ? ನೀನು ಹೇಳ್ತೀಯಾ?"

ನಾನು ಕಿಟಕಿಯ ಗಾಜು ಇಳಿಸಿದೆ. ಇದನ್ನು ಒಪ್ಪಿಕೊಳ್ಳಲೇಬೇಕು: ನನಗೆ ಗೊತ್ತಿತ್ತು. ಟೈಪು ಮಾಡುವವಳು ನಾನು. ಬೇರೆ ಕೇಸ್ ವರ್ಕರುಗಳ ಟಿಪ್ಪಣಿಯೂ ನನ್ನ ಕೈಯಿಂದಲೇ ಹೋಗುವುದು. ಅವರೆಲ್ಲ ಕಾರಿನಲ್ಲೋ ಕಚೇರಿಯಲ್ಲೋ ಕೂತು, ಗೋಡೆಯ ಮೇಲಿನ ಕಾನೂನಿನ ಮಾತನ್ನೇ ತಿರುಗಿಸಿ ಮುರುಗಿಸಿ ಬರೆಯುತ್ತಿದ್ದರು: ಲಕ್ಷಣಗಳು ತೀವ್ರವಾಗಿವೆ, ದಿನಚರಿ ನಿಭಾಯಿಸಲು ಅಸಮರ್ಥ, ಸೇವೆ ನಿಂತರೆ ಆಸ್ಪತ್ರೆ ಸೇರುವ ಸಂಭವ. ಹಾಗೆ ಬರೆದರೇ ಸೇವೆ ಉಳಿಯುವುದು. ಎಲ್ಲರಿಗೂ ತಿಳಿದ ಗುಟ್ಟು ಅದು. ಆಲ್ಬಿನ್‌ನ ಫೈಲಿನಲ್ಲಿ ಮಾತ್ರ ಮೂರು ವರ್ಷ, ವಾರ ವಾರ, ಬಿಯರಾಕು, ನೂಡಲ್ಸು, ಕಾಫಿ. ಒಂದು ಮಾತು ಎಚ್ಚರಿಸಬಹುದಿತ್ತು. ನನಗೇಕೆ ಊರ ಉಸಾಬರಿ ಎಂದು ಟೈಪು ಮಾಡಿ ಫೈಲಿಗೆ ಸೇರಿಸಿದೆ.

ಮೂರನೆಯ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ರಾಜಧಾನಿಯಿಂದ ತಪಾಸಣೆಯವರು ಬಂದು ಫೈಲುಗಳನ್ನು ನೋಡಿ ಹೋದರು. ಫಿಸ್ಕ್ ರೊಸೀನಾಳನ್ನು ಕರೆದರು. ನನ್ನ ಮೇಜು ಅವರ ಬಾಗಿಲಿನ ಪಕ್ಕದಲ್ಲೇ, ಕಿವಿ ಮುಚ್ಚಿಕೊಳ್ಳುವ ಅಭ್ಯಾಸ ನನಗಿಲ್ಲ.

"ಒಳ್ಳೇ ಸುದ್ದಿ ರೊಸೀನಾ," ಎಂದರು. "ನಿನ್ನ ಆಲ್ಬಿನ್ ಗುಣವಾಗಿದ್ದಾನೆ. ಕಾನೂನು ಹೇಳೋ ವ್ಯಾಖ್ಯೆಯೊಳಗೆ ಬರಲ್ಲ. ಕೇಸು ಮುಗಿಸೋಣ."

"ಗುಣವಾಗಿಲ್ಲ ಸರ್."

"ನೀನೇ ಬರೆದಿದ್ದೀಯಲ್ಲಮ್ಮ, ನೂರ ನಲವತ್ತು ಸಲ!"

"ಅದು... ಅವರಿಗೆ ಓದಿ ಹೇಳ್ಬೇಕಾಗಿತ್ತು ಸರ್, ಅದಕ್ಕೇ."

ಫಿಸ್ಕ್ ಕೆಟ್ಟವರಲ್ಲ, ಹೆದರುಪುಕ್ಕ ಅಷ್ಟೇ. ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ದನಿ ತಗ್ಗಿಸಿ, ಅಪೀಲು ಹಾಕಿಕೋ, ನನ್ನ ಅಡ್ಡಿಯಿಲ್ಲ ಎಂದರು.

ಅವಳು ಅಪೀಲು ಬರೆಯುವಷ್ಟರೊಳಗೆ ನಮ್ಮ ಸೆಂಟರಿನ ಪದ್ಧತಿಯ ಪ್ರಕಾರ ಕೇಕು ಬಂದಾಗಿತ್ತು. ಯಾರ ಕೇಸು ಮುಗಿದರೂ ಕಾಯುವ ಕೋಣೆಯಲ್ಲಿ ಕೇಕು ಕತ್ತರಿಸಿ, ಪ್ರಮಾಣಪತ್ರ ಕೊಟ್ಟು, ಚಪ್ಪಾಳೆ ತಟ್ಟಿ ಕಳಿಸುವುದು. ಆಲ್ಬಿನ್ ಕೋಟು ಹಾಕಿಕೊಂಡು ಬಂದಿದ್ದ. ನೀಲಿ ಸಕ್ಕರೆಯಲ್ಲಿ ಬರೆದ ತನ್ನ ಹೆಸರನ್ನು ನೋಡಿ ಹಿಗ್ಗಿಹೋದ. ಆ ತುಂಡನ್ನು ತಿನ್ನದೆ ಕಾಗದದಲ್ಲಿ ಸುತ್ತಿಕೊಂಡ. ಆಮೇಲೆ ಬಾಗಿಲ ಹತ್ತಿರ ರೊಸೀನಾಳನ್ನು ಕೇಳಿದ.

"ಹಾಗಾದ್ರೆ ಗುರುವಾರ ಬರ್ತೀಯಲ್ಲ?"

"ಇನ್ನು ಬರೋ ಹಾಗಿಲ್ಲವಂತೆ ವೆಟರ್."

"ಮನೆಗೆ ಕಾಫಿಗೆ?"

ಅದಕ್ಕೂ ನಿಯಮವಿದೆ. ಕೇಸು ಮುಗಿದವರ ಮನೆಗೆ ಎರಡು ವರ್ಷ ಸ್ನೇಹಿತರಾಗಿಯೂ ಕಾಲಿಡುವಂತಿಲ್ಲ. ರೊಸೀನಾ ಅದನ್ನು ಹೇಳಿದಳು. ಆಲ್ಬಿನ್ ಕೇಕಿನ ಪೊಟ್ಟಣ ಹಿಡಿದುಕೊಂಡು ಯೋಚನೆ ಮಾಡಿದ.

"ಮತ್ತೆ ಗುರುವಾರ ನಾನು ಏನು ಮಾಡ್ಲಿ?" ಎಂದ.

ಅವನಿಗಿದ್ದದ್ದು ಆ ಒಂದು ಗಂಟೆ. ಅದರ ಹಿಂದಿನ ದಿನ ಸ್ನಾನ, ಅದರ ಹಿಂದಿನ ದಿನ ಎಲೆಕೋಸು ತರುವುದು, ಅದರ ಮುಂದಿನ ಎರಡು ದಿನ ಅವಳು ಹೇಳಿದ್ದನ್ನು ಮೆಲುಕು ಹಾಕುವುದು. ವಾರವೆಲ್ಲ ಆ ಒಂದು ಗಂಟೆಗೇ ಜೋತುಬಿದ್ದಿತ್ತು. ಅವಳು ಅಪೀಲು ಹಾಕಿದಳು.

ಅಕ್ಟೋಬರಿನ ಮೊದಲ ವಾರ, ಜಿಲ್ಲಾ ಕೋರ್ಟಿನ ನೆಲಮಾಳಿಗೆಯ ಒಂದು ಕೋಣೆಯಲ್ಲಿ ವಿಚಾರಣೆ. ಮೇಜಿನ ಆಚೆ ರಾಜಧಾನಿಯಿಂದ ಬಂದ ವಿಚಾರಣಾಧಿಕಾರಿ, ಕನ್ನಡಕದ ಹೆಂಗಸು. ಈಚೆ ರೊಸೀನಾ, ಆಲ್ಬಿನ್. ಫೈಲು ಹಾಜರುಪಡಿಸಲು ನಾನು. ಆಲ್ಬಿನ್ ತನ್ನ ಬಿಸ್ಕತ್ತಿನ ಡಬ್ಬಿಯನ್ನೂ ತಂದು ತೊಡೆಯ ಮೇಲಿಟ್ಟುಕೊಂಡಿದ್ದ.

ಆ ಹೆಂಗಸು ಟಿಪ್ಪಣಿಗಳನ್ನು ಒಂದೊಂದಾಗಿ ಓದತೊಡಗಿದಳು. "ಮಾರ್ಚ್ ಹನ್ನೆರಡು. ಆಲ್ಬಿನ್ ಚೆನ್ನಾಗಿದ್ದಾರೆ. ಮನೆ ಓರಣವಾಗಿದೆ. ಕಾಫಿ ಕುಡಿದೆವು."

"ಸರಿಯಾಗೇ ಇದೆ ಮೇಡಂ," ಎಂದ ಆಲ್ಬಿನ್. "ಅವತ್ತು ಇವಳು ಮೂರು ಬಿಯರಾಕ್ ತಿಂದ್ಲು. ಅದನ್ನ ಬರೆದಿಲ್ಲ."

ಆಯಮ್ಮನಿಗೂ ನಗು ಬಂತು. ಹೀಗೇ ಏಳೆಂಟು ಓದಿ ಫೈಲು ಮುಚ್ಚಿದಳು. "ಮಿಸ್ ಡ್ರೈಲಿಂಗ್, ನೀವೇ ಬರೆದಿದ್ದೀರಿ, ಅವರೂ ಹೌದು ಅಂತಿದ್ದಾರೆ. ಇಷ್ಟು ಚೆನ್ನಾಗಿರೋರಿಗೆ ಸೇವೆ ಬೇಕು ಅಂತ ನಾನು ಹೇಗೆ ಬರೀಲಿ? ಬೇರೆ ಏನಾದ್ರೂ ಹೇಳೋದಿದೆಯಾ?"

ರೊಸೀನಾ ಆಲ್ಬಿನ್ ಕಡೆ ತಿರುಗಿದಳು. "ವೆಟರ್, ಸ್ವಲ್ಪ ಹೊರಗೆ ಕೂತಿರ್ತೀರಾ?"

"ನಾನ್ಯಾಕೆ ಹೋಗ್ಲಿ? ನನ್ನ ವಿಷಯ ತಾನೇ? ಬೆನ್ನ ಹಿಂದೆ ಮಾತಿಲ್ಲ ಅಂದಿದ್ಯಲ್ಲ."

ಹಾಗಾಗಿ ಅವನೆದುರಿಗೇ ಹೇಳಿದಳು. ಎದ್ದು ನಿಂತು, ಎರಡೂ ಕೈಯಲ್ಲಿ ಮೇಜಿನಂಚು ಹಿಡಿದುಕೊಂಡು. "ನಾನು ಬರೆದಿದ್ದು ನಿಜ ಅಲ್ಲ. ಉಗ್ರಾಣದ ಫ್ಯಾನು ಇವರನ್ನ ಬೈಯುತ್ತೆ, ಸಾಯಿ ಅನ್ನುತ್ತೆ. ಬೇಸಿಗೇಲೂ ಕಿಟಕಿಗೆ ಹಾಸಿಗೆ ಒತ್ತಿರ್ತಾರೆ. ನಾನು ಹೋಗೋ ಹಿಂದಿನ ದಿನ ಬಿಟ್ರೆ ಮೈಗೆ ನೀರಿಲ್ಲ. ಹೋದ ವರ್ಷ ಹನ್ನೆರಡು ದಿನ ಬರೀ ಹಸಿ ಹಿಟ್ಟು ಕಲಸ್ಕೊಂಡು ತಿಂದಿದ್ದಾರೆ. ನಾನು ಹೋಗದಿದ್ರೆ ಇವರು ಉಳಿಯಲ್ಲ. ಕಾಯಿಲೆ ಬಿಟ್ಟಿಲ್ಲ ಮೇಡಂ. ಒಂದು ದಿನಾನೂ ಬಿಟ್ಟಿರಲಿಲ್ಲ."

ಆಲ್ಬಿನ್ ಮೇಜಿನ ಮೇಲಿದ್ದ ಟೋಪಿಯನ್ನು ಎತ್ತಿ, ಮತ್ತೆ ಇಟ್ಟ. "ಓದಿ ಹೇಳಿದ್ಯಲ್ಲ ರೊಸೀನಾ," ಎಂದ. ಸಿಟ್ಟಿರಲಿಲ್ಲ. ಲೆಕ್ಕ ತಪ್ಪಿದ ಮಗು ಕೇಳಿದ ಹಾಗೆ ಕೇಳಿದ. "ಪ್ರತಿ ಸಲ ಓದಿ ಹೇಳಿದ್ಯಲ್ಲ."

ಗೆದ್ದೆವು. ಅಲ್ಲೇ ಆದೇಶ ಬರೆದುಕೊಟ್ಟರು: ವ್ಯಕ್ತಿ ಕಾನೂನಿನ ವ್ಯಾಖ್ಯೆಯೊಳಗೆ ಬರುತ್ತಾನೆ, ಸೇವೆ ಒಂದು ವರ್ಷ ಮುಂದುವರಿಯಲಿ, ಮುಂದಿನ ಪರಿಶೀಲನೆಗೆ ತಕ್ಕ ದಾಖಲೆ ಇರಲಿ. ಆ ಕೊನೆಯ ಸಾಲನ್ನು ವಿಚಾರಣಾಧಿಕಾರಿ ಎರಡು ಸಲ ಓದಿದಳು, ರೊಸೀನಾಳನ್ನೇ ನೋಡುತ್ತ. ಇಲ್ಲವಾದರೆ ಬರುವ ವರ್ಷವೂ ನೀವು ಹೀಗೇ ಎದ್ದು ನಿಂತು ಹೇಳಬೇಕಾಗುತ್ತದೆ ಎಂದಳು. ಕಾರಿನಲ್ಲಿ ಮನೆ ಮುಟ್ಟುವವರೆಗೂ ಆಲ್ಬಿನ್ ಡಬ್ಬಿಯನ್ನು ತೊಡೆಯ ಮೇಲೆ ಅಪ್ಪಿ ಹಿಡಿದಿದ್ದ. ಇಳಿದ ಮೇಲೆ ಟೋಪಿ ತೆಗೆದು ರೊಸೀನಾಳಿಗೆ ತಲೆಬಾಗಿಸಿ ಒಳಗೆ ಹೋದ.

ಮುಂದಿನ ಗುರುವಾರ ಹತ್ತಕ್ಕೆ ಅವಳು ಹೋಗಿ ಬಾಗಿಲು ಬಡಿದಳು. ತೆಗೆಯಲಿಲ್ಲ. "ವೆಟರ್, ನಾನು." ಇಲ್ಲ. ಆದರೆ ಪರದೆಯ ಅಂಚು ಅಲುಗಿತು. ಅವಳು ಕಾರಿನಲ್ಲಿ ಬಂದು ಕೂತಳು. ಹನ್ನೊಂದರವರೆಗೆ ಕೂತಿದ್ದು, ವಾಪಸು ಬಂದು ನನಗೆ ಟಿಪ್ಪಣಿ ಕೊಟ್ಟಳು: "ಹೋದೆ. ಬಡಿದೆ. ಪರದೆ ಅಲುಗಿತು."

ಅದರ ಮುಂದಿನ ಗುರುವಾರವೂ ಅಷ್ಟೇ. ನವೆಂಬರಿನಲ್ಲೂ ಅಷ್ಟೇ. ಒಲ್ಲೆ ಎನ್ನುವ ಹಕ್ಕೂ ಕಾನೂನಿನಲ್ಲಿದೆ. ಬಾಗಿಲು ಒಡೆದು ಸೇವೆ ಮಾಡುವ ಹಾಗಿಲ್ಲ. ಅಂಗಡಿಯವನು ವಾರಕ್ಕೊಮ್ಮೆ ಮೆಟ್ಟಿಲ ಮೇಲೆ ದಿನಸಿ ಇಟ್ಟುಹೋಗುತ್ತಿದ್ದ, ಅದನ್ನು ಆಲ್ಬಿನ್ ಒಳಗೆ ತೆಗೆದುಕೊಳ್ಳುತ್ತಿದ್ದನಂತೆ. ಹಿಮ ಬಿದ್ದಾಗ ಅವಳು ಕಾರಿನ ಗಾಜು ಒರೆಸಿ ಒರೆಸಿ ಆ ಪರದೆಯನ್ನೇ ನೋಡುತ್ತ ಕೂತಿರುತ್ತಿದ್ದಳು. ನನಗೆ ರೇಗಿಹೋಯಿತು.

"ಅಲ್ಲೇ, ಎಂಬತ್ತು ಮೈಲಿ ಹೋಗಿ ಬಂದು ಬರೀ ಪರದೆ ನೋಡ್ತೀಯಲ್ಲ, ನಿಂಗೇನು ಬಂದಿದೆ ಧಾಡಿ? ಅವನಿಗೆ ನಿನ್ನ ಮುಖ ನೋಡೋಕೆ ಇಷ್ಟ ಇಲ್ಲ. ಬಿಡು ಅತ್ಲಾಗೆ."

"ಅಲುಗುತ್ತಲ್ಲ ಲಿಯೋನಾ," ಎಂದಳು. "ಸರಿಯಾಗಿ ಹತ್ತು ಗಂಟೆಗೆ ಅಲುಗುತ್ತೆ. ಆಮೇಲೆ ಮೇಜಿನ ಹತ್ರ ಹೋಗಿ ಕೂತ್ಕೋತಾರೆ. ತಲೆ ಕಾಣುತ್ತೆ. ಬಗ್ಗಿ ಏನೋ ಮಾಡ್ತಿರ್ತಾರೆ. ಹನ್ನೊಂದಕ್ಕೆ ಏಳ್ತಾರೆ."

ಫೆಬ್ರವರಿಯ ಮೂರನೆಯ ಗುರುವಾರ ಪರದೆ ಅಲುಗಲಿಲ್ಲ. ಮೆಟ್ಟಿಲ ಮೇಲಿನ ದಿನಸಿ ಚೀಲದ ಮೇಲೆ ಹಿಮ ಕೂತಿತ್ತು. ಅವಳು ಪಕ್ಕದ ಮನೆಯಿಂದ ಶೆರಿಫನಿಗೆ ಫೋನು ಮಾಡಿದಳು. ಅವರು ಬಂದು ಬಾಗಿಲು ಒಡೆದಾಗ ಮನೆಯೊಳಗೂ ಹೊರಗಿನಷ್ಟೇ ಚಳಿ. ಮನೆ ಬೆಚ್ಚಗಿಡುವ ಗ್ಯಾಸು ಟ್ಯಾಂಕಿನಲ್ಲಿ ಮುಗಿದಿತ್ತು. ತುಂಬಿಸುವವನು ಬಂದು ಬಾಗಿಲು ಬಡಿದಾಗ ತೆಗೆದಿರಲಿಲ್ಲ. ಆಲ್ಬಿನ್ ಕೋಟು ಹಾಕಿಕೊಂಡು ಮಂಚದ ಮೇಲೆ ಗೋಡೆಯ ಕಡೆ ಮುಖಮಾಡಿ ಮಲಗಿದ್ದ. ಸೋಮವಾರವೋ ಮಂಗಳವಾರವೋ ಹೋಗಿರಬೇಕು ಎಂದರು. ರೊಸೀನಾ ಅಂಗಳದಲ್ಲೇ ನಿಂತಿದ್ದಳಂತೆ. ಒಳಗೆ ಕರೆದರೂ ಹೋಗಲಿಲ್ಲವಂತೆ. ವೆಟರ್ ಬಾಗಿಲು ತೆಗೆದಿಲ್ಲವಲ್ಲ ಎಂದಳಂತೆ.

ವಾರ ಕಳೆದ ಮೇಲೆ ಶೆರಿಫನ ಕಚೇರಿಯಿಂದ ಆ ಬಿಸ್ಕತ್ತಿನ ಡಬ್ಬಿ ಬಂತು. ನಮ್ಮ ಸೆಂಟರಿನ ಕಾಗದಗಳು, ನಿಮಗೇ ಸೇರಿದ್ದು ಎಂದು ಚೀಟಿ ಅಂಟಿಸಿದ್ದರು. ಸಂಜೆ ನಾಲ್ಕು ಗಂಟೆ. ದಾಖಲೆ ಕೋಣೆಯಲ್ಲಿ ನಾನು, ರೊಸೀನಾ ಇಬ್ಬರೇ. ಮುಚ್ಚಳ ತೆಗೆದವಳು ನಾನು.

ನೂರ ನಲವತ್ತಾರು ಕಾರ್ಬನ್ ಹಾಳೆ. ಕೈಗೆ ಬಂದ ಒಂದೊಂದನ್ನೂ ತಿದ್ದಿದ್ದ. ಗೀಚಿರಲಿಲ್ಲ, ಹರಿದಿರಲಿಲ್ಲ. ಅವಳು ತೋರಿಸಿಕೊಟ್ಟಿದ್ದ ಹಾಗೆಯೇ, ತಪ್ಪಿನ ಮೇಲೆ ಒಂದೇ ಒಂದು ಗೆರೆ, ಕೆಳಗಿನ ಅಕ್ಷರ ಕಾಣುವ ಹಾಗೆ. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಸರಿಯಾದದ್ದು. ಹೆಸರಿನ ಮೊದಲಕ್ಷರ, ತಾರೀಖು. 'ಚೆನ್ನಾಗಿದ್ದಾರೆ' ಎಂಬುದರ ಮೇಲೆ ಗೆರೆ: "ಚೆನ್ನಾಗಿರಲಿಲ್ಲ. ಫ್ಯಾನು ಮೂರು ದಿನ ಬಿಡದೆ ಬೈಯಿತು." 'ನಿದ್ದೆ ಬರುತ್ತಿದೆ' ಎಂಬುದರ ಮೇಲೆ ಗೆರೆ: "ಎರಡು ಗಂಟೆ ಅಷ್ಟೇ." 'ಕಿಟಕಿ ಭದ್ರಪಡಿಸಿದ್ದಾರೆ' ಎಂಬಲ್ಲಿ: "ಹಾಸಿಗೆ ಇಟ್ಟಿದ್ದೆ. ಟೈಪಿಸ್ಟಿಗೆ ಸೆಕೆಯಾಯಿತು. ಹೇಳಲು ನಾಚಿಕೆಯಾಯಿತು." ಇನ್ನೊಂದರಲ್ಲಿ: "ಸಾಯಬೇಕು ಅನ್ನಿಸಿತ್ತು. ಅವಳು ಅವತ್ತು ಹೊಸ ಸ್ವೆಟರ್ ಹಾಕಿಕೊಂಡು ಖುಷಿಯಾಗಿದ್ದಳು. ಹೇಳಲಿಲ್ಲ."

ತಾರೀಖುಗಳನ್ನು ನೋಡಿದೆ. ಅಕ್ಟೋಬರ್, ನವೆಂಬರ್, ಡಿಸೆಂಬರ್, ಜನವರಿ, ಫೆಬ್ರವರಿ. ಎಲ್ಲವೂ ಗುರುವಾರ. ಒಂದೊಂದು ಗುರುವಾರ ಏಳೋ ಎಂಟೋ ಹಾಳೆ. ಅವಳು ಹೊರಗೆ ಕಾರಿನಲ್ಲಿ ಕೂತಿದ್ದ ಅದೇ ಒಂದು ಗಂಟೆ, ಅವನು ಒಳಗೆ ಮೇಜಿನ ಮುಂದೆ ಕೂತು ಅವಳ ಟಿಪ್ಪಣಿಗಳನ್ನು ತಿದ್ದುತ್ತಿದ್ದ.

ಡಬ್ಬಿಯ ತಳದಲ್ಲಿ ಒಂದು ಚೀಟಿ. ರೊಸೀನಾ ಕೈ ಚಾಚಲಿಲ್ಲ. "ನೀನೇ ಓದು. ಗಟ್ಟಿಯಾಗಿ ಓದು," ಎಂದಳು. ಓದಿದೆ.

"ರೊಸೀನಾ, ಈ ಕಾಗದಗಳು ಕಾನೂನಿಗೆ ಸಾಕಾಗುವುದಿಲ್ಲ ಎಂದು ಆ ಮೇಡಂ ಹೇಳಿದರು. ನಾನು ಸರಿಮಾಡುತ್ತಿದ್ದೇನೆ. ಬರುವ ವರ್ಷ ನೀನು ಎದ್ದು ನಿಂತು ಬಾಯಲ್ಲಿ ಹೇಳಬೇಕಾಗುವುದಿಲ್ಲ. ಅವತ್ತು ನೀನು ಎರಡೂ ಕೈಯಲ್ಲಿ ಮೇಜು ಹಿಡಿದುಕೊಂಡಿದ್ದೆ. ನೀನು ಎದುರಿಗೆ ಕೂತರೆ ನನಗೆ ನಿಜ ಬರೆಯಲು ಆಗುವುದಿಲ್ಲ, ಅದಕ್ಕೆ ಬಾಗಿಲು ತೆಗೆಯುತ್ತಿಲ್ಲ. ಎಲ್ಲ ಮುಗಿದ ಮೇಲೆ ತೆಗೆಯುತ್ತೇನೆ. ಬಿಯರಾಕ್ ಮಾಡುತ್ತೇನೆ."

ಅವಳು ಅಳುವುದನ್ನು ನಾನು ಎರಡನೆಯ ಸಲ ಕಂಡದ್ದು ಆಗ. ನಾನು ಹಾಳೆಗಳನ್ನು ತಾರೀಖಿನ ಪ್ರಕಾರ ಜೋಡಿಸುತ್ತ ಕೂತೆ. ಕೊನೆಗೆ ಹನ್ನೊಂದು ಹಾಳೆಗಳು ಉಳಿದವು. ಅವುಗಳ ಮೇಲೆ ಗೆರೆಯಿರಲಿಲ್ಲ. ಇನ್ನೆರಡು ಗುರುವಾರ ಸಾಕಿತ್ತು.

ರೊಸೀನಾ ಮೂಗು ಒರೆಸಿಕೊಂಡು ಕುರ್ಚಿ ಎಳೆದುಕೊಂಡಳು. ಆ ಹನ್ನೊಂದನ್ನು ತನ್ನ ಮುಂದಿಟ್ಟುಕೊಂಡಳು. "ಪೆನ್ಸಿಲ್ ಕೊಡು," ಎಂದಳು.

"ಮುಗಿದ ಕೇಸು ಕಣೇ. ತೀರಿಕೊಂಡವರ ಫೈಲಿನಲ್ಲಿ ಏನೂ ಸೇರಿಸೋ ಹಾಗಿಲ್ಲ," ಎಂದು ನನ್ನ ಬಾಯಿ ಹೇಳಿತು. ಕೈ ಪೆನ್ಸಿಲ್ ಕೊಟ್ಟಿತು.

ಮೊದಲ ಹಾಳೆಯ 'ಆಲ್ಬಿನ್ ಚೆನ್ನಾಗಿದ್ದಾರೆ' ಎಂಬುದರ ಮೇಲೆ ಅವಳು ಒಂದು ಗೆರೆ ಎಳೆದಳು. ಪಕ್ಕದಲ್ಲಿ ಬರೆದಳು. ತನ್ನ ಹೆಸರಿನ ಮೊದಲಕ್ಷರ, ತಾರೀಖು. ಆಮೇಲೆ, ಅವನು ಎದುರಿಗೆ ಕೂತಿದ್ದಾನೋ ಎಂಬಂತೆ ಗಟ್ಟಿಯಾಗಿ ಓದಿದಳು. ಎರಡನೆಯದು. ಮೂರನೆಯದು. 'ಕಾಫಿ ಕುಡಿದೆವು' ಎಂಬುದನ್ನು ಮಾತ್ರ ಹಾಗೇ ಬಿಟ್ಟಳು. ಅವನೂ ಅದನ್ನು ಎಲ್ಲೂ ಮುಟ್ಟಿರಲಿಲ್ಲ. ಹನ್ನೊಂದೂ ಮುಗಿದ ಮೇಲೆ ನಾನು ಫೈಲು ತೆಗೆದು ಒಳಗೆ ಸೇರಿಸಿದೆ. ಯಾರೂ ಕೇಳಲಿಲ್ಲ.

ಇದೆಲ್ಲ ನಡೆದು ಹನ್ನೆರಡು ವರ್ಷ. ಆಮೇಲೂ ರೊಸೀನಾ ಹಳ್ಳಿ ಹಳ್ಳಿ ಸುತ್ತಿದಳು. ಆದರೆ ಯಾರ ಮನೆಯ ಮೇಜಿನ ಮೇಲೂ ಮತ್ತೆ ಬರೆಯಲಿಲ್ಲ. ಎಲ್ಲರ ಹಾಗೆ ಕಾರಿನಲ್ಲಿ ಕೂತು ಬರೆಯುತ್ತಾಳೆ: ಲಕ್ಷಣಗಳು ತೀವ್ರವಾಗಿವೆ, ಸೇವೆ ನಿಂತರೆ ಆಸ್ಪತ್ರೆ ಸೇರುವ ಸಂಭವ. ಅವಳ ಒಂದು ಕೇಸನ್ನೂ ತಪಾಸಣೆಯವರು ಮುಚ್ಚಿಲ್ಲ. ಕಳೆದ ವಾರ ಸೆಂಟರಿಗೆ ಬಂದಿದ್ದ ಒಬ್ಬ ಮುದುಕಿ ಅವಳ ತೋಳು ಹಿಡಿದು, "ನನ್ನ ವಿಷಯ ಏನು ಬರೆದೆ ಮಗಳೇ?" ಎಂದು ಕೇಳಿದಳು.

"ಒಳ್ಳೇದೇ ಬರೆದಿದ್ದೀನಿ ಅಮ್ಮ," ಎಂದಳು ರೊಸೀನಾ.

ಆ ಟಿಪ್ಪಣಿಯನ್ನು ಟೈಪು ಮಾಡಿದ್ದು ನಾನೇ. ಅದರಲ್ಲಿ ಒಳ್ಳೆಯದು ಒಂದೂ ಇರಲಿಲ್ಲ.